ಐವತ್ತರ ಗಂಟಲಿಗೆ ಒಗ್ಗುವ ಜಪಾನಿ ಹಾಡು ಆರಿಸುವುದು ಹೇಗೆ

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಐದು ಜನ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರುತ್ತೇವೆ. ಕಿಟಕಿ ಮುಚ್ಚುತ್ತೇವೆ, ಟೀವಿಗೆ ಫೋನ್ ಜೋಡಿಸುತ್ತೇವೆ, ಮೈಕ್ ಹಿಡಿದು ಹಾಡುತ್ತೇವೆ. ಎಲ್ಲರೂ ನಲವತ್ತೈದು ದಾಟಿದವರು. ನನಗೆ ಐವತ್ಮೂರು. ಹಾಡುವುದು ಕನ್ನಡ, ಹಿಂದಿ, ಆಮೇಲೆ ಜಪಾನಿ.

ಜಪಾನಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮವರ ಕೆಲಸದ ಸಲುವಾಗಿ ಐದು ವರ್ಷ ಹಮಾಮತ್ಸು ಊರಲ್ಲಿದ್ದೆ. ಯಮಾಹಾ, ಕವಾಯ್ ಪಿಯಾನೊಗಳ ಊರು ಅದು. ಪಕ್ಕದ ಮನೆಯ ಅಜ್ಜಿ ನನ್ನನ್ನು ವಾರಕ್ಕೊಮ್ಮೆ ಕರೋಕೆ ಬಾಕ್ಸ್‌ಗೆ ಎಳೆದುಕೊಂಡು ಹೋಗುತ್ತಿದ್ದರು. ಹಗಲು ಹೊತ್ತು ಅಲ್ಲಿ ದರ ಕಮ್ಮಿ. ಒಂದು ಸಣ್ಣ ಕೋಣೆ, ಎರಡು ಮೈಕ್, ಬಾಗಿಲು ಹಾಕಿದರೆ ಯಾರಿಗೂ ಕೇಳಿಸುವುದಿಲ್ಲ. ಭಾಷೆ ಕಲಿತದ್ದು ಅಲ್ಲೇ ಜಾಸ್ತಿ.

ಇನ್ನೊಂದು ಕಾರಣ ಸ್ವಲ್ಪ ಸ್ವಾರ್ಥದ್ದು. ಕನ್ನಡ ಹಾಡು ಹಾಡಿದರೆ ಎದುರಿಗೆ ಕೂತವರು ಮನಸ್ಸಿನಲ್ಲೇ ಎಸ್. ಜಾನಕಿ ಜೊತೆ ಹೋಲಿಸುತ್ತಾರೆ. ಹಿಂದಿ ಆದರೆ ಲತಾ. ಜಪಾನಿ ಹಾಡಿಗೆ ಧಾರವಾಡದಲ್ಲಿ ಹೋಲಿಸುವವರು ಯಾರೂ ಇಲ್ಲ. ಮೂಲ ಶ್ರುತಿಗಿಂತ ಹಾರ್ಮೋನಿಯಂನ ಮೂರು ಮನೆ ಇಳಿಸಿ ಹಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಈ ವಯಸ್ಸಿನಲ್ಲಿ ಇದಕ್ಕಿಂತ ಆರಾಮ ಯಾವುದು ಹೇಳಿ?

ಆದರೂ ಹಾಡು ಆರಿಸುವಾಗ ನಾನೂ ಎಡವಿದ್ದೇನೆ. ನಮ್ಮ ಕಾಲೊನಿಯ ದೀಪಾವಳಿ ಕಾರ್ಯಕ್ರಮದಲ್ಲಿ 'ಅಕಾಯ್ ಸ್ವೀಟ್‌ಪೀ' ಹಾಡಿದೆ. ಮತ್ಸುದಾ ಸೇಯ್ಕೊ 1982ರಲ್ಲಿ ಹಾಡಿದ್ದು. ಆಗ ಆಕೆಗೆ ಇಪ್ಪತ್ತರ ಆಸುಪಾಸು. ಶುರು ತಗ್ಗಿನಲ್ಲಿದೆ, ಮೆತ್ತಗಿದೆ. ಇದೇನು ಮಹಾ ಅಂದುಕೊಂಡೆ. ಮುಂದೆ ದನಿ ಏರುವ ಜಾಗಕ್ಕೆ ಬಂದಾಗ ನನ್ನ ಗಂಟಲು ಒಡೆದು ಎರಡಾಯಿತು. ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಆಮೇಲೆ ಕೇಳಿದರು: "ಏನ ಅದು, ಹಾಡ್ಲಿಕತ್ತಿದ್ದ್ಯೋ ಕೋಳಿ ಕೂಗಸ್ಲಿಕತ್ತಿದ್ದ್ಯೋ?"

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಹಾಡು ಎಷ್ಟೇ ಇಷ್ಟವಿರಲಿ, ಮೊದಲು ಇವತ್ತಿನ ಗಂಟಲನ್ನು ಕೇಳಬೇಕು. ಇಪ್ಪತ್ತೈದರ ಗಂಟಲು ಈಗ ಇಲ್ಲ.

ಗಂಟಲಿಗೆ ಏನಾಗಿರುತ್ತದೆ

ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಇಳಿಯುತ್ತದೆ. ಮೈಗೆ ಬಿಸಿ ಏರುವುದು, ನಿದ್ದೆ ಕೆಡುವುದು ಎಲ್ಲರಿಗೂ ಗೊತ್ತು. ಗಂಟಲಿಗೂ ಅದರ ಪಾಲು ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ದನಿ ಹೊರಡಿಸುವ ತಂತುಗಳ ಮೇಲಿನ ತೆಳು ಪೊರೆ ಒಣಗುತ್ತದೆ, ಸ್ವಲ್ಪ ದಪ್ಪವೂ ಆಗಬಹುದು. ದಪ್ಪ ತಂತಿ ತಗ್ಗಿನಲ್ಲಿ ನುಡಿಯುತ್ತದೆ ಅಲ್ವಾ? ಹಾಗೇ ಮೇಲಿನ ಸ್ವರಗಳು ಒಂದೊಂದಾಗಿ ಕೈಬಿಡುತ್ತವೆ. ದನಿ ಬೇಗ ದಣಿಯುತ್ತದೆ. ಥೈರಾಯ್ಡ್ ಇದ್ದರೆ, ಹುಳಿತೇಗು ಇದ್ದರೆ ಇನ್ನೂ ಜಾಸ್ತಿ.

ಆದರೆ ಕೆಳಗಿನ ಸ್ವರಗಳು ಬಲ ಪಡೆಯುತ್ತವೆ, ಅದನ್ನು ಮರೆಯಬೇಡಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರನ್ನು ನೆನೆಯಿರಿ. ಚಿಕ್ಕಂದಿನಲ್ಲಿ ಅವರದು ತೆಳು ದನಿ. ಗಂಟಲಿನ ಚಿಕಿತ್ಸೆ ಆದಮೇಲೆ ಗಂಡುದನಿಯ ಹಾಗೆ ಗಡಸಾಯಿತು. ಅದೇ ದನಿಯಲ್ಲಿ ಜಗತ್ತನ್ನೇ ಕೂರಿಸಿಕೊಂಡು ಹಾಡಿದರು. ಆ ಊರಿನ ಪಕ್ಕದಲ್ಲಿದ್ದುಕೊಂಡು ನಾವು ದನಿ ತಗ್ಗಾಯಿತು ಅಂತ ಕೊರಗುವುದಾದರೂ ಯಾಕೆ?

ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದನಿ ಒಡಕಾಗಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರ್‌ಗೆ ತೋರಿಸಿ. ಜೇನು, ಜೇಷ್ಠಮಧು ಅಂತ ದಿನ ದೂಡಬೇಡಿ.

ಮೊದಲು ಹಾರ್ಮೋನಿಯಂ, ಆಮೇಲೆ ಹಾಡು

ಧಾರವಾಡದ ಮನೆಗಳಲ್ಲಿ ಅಟ್ಟದ ಮೇಲಾದರೂ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಇಳಿಸಿ, ಧೂಳು ಒರೆಸಿ. ಇಲ್ಲವಾದರೆ ಫೋನಿನಲ್ಲಿ ಪಿಯಾನೊ ಆ್ಯಪ್ ಹಾಕಿಕೊಳ್ಳಿ. ಸಂಜೆ ಹೊತ್ತು ಕೂತು, ಹಾಡುವ ದನಿಯಲ್ಲಿ ಬೇಡ, ಮಾತಾಡುವ ದನಿಯಲ್ಲಿ "ಅಯ್ಯ" ಅಂತ ಎಳೆಯಿರಿ. ಆ ದನಿ ಯಾವ ಮನೆಗೆ ಕೂಡುತ್ತದೆ ನೋಡಿ. ನನ್ನದು ಕೆಳಗಿನ ಸಪ್ತಕದ ಕಾಳಿ 4, ಅಂದರೆ ನಾಲ್ಕನೇ ಕಪ್ಪು ಮನೆಯ ಹತ್ತಿರ. ಅಲ್ಲಿಂದ ಒಂದೊಂದೇ ಮನೆ ಏರುತ್ತಾ ಹೋಗಿ. ಹುಬ್ಬು ಮೇಲೆ ಹೋಯಿತು, ಗದ್ದ ಎತ್ತಿದಿರಿ ಅಂದರೆ ನಿಲ್ಲಿಸಿ. ಅಲ್ಲಿಂದ ಎರಡು ಮನೆ ಹಿಂದಕ್ಕೆ ಬನ್ನಿ. ಅದೇ ನಿಮ್ಮ ಛಾವಣಿ. ಹಾಡಿನ ತುತ್ತತುದಿ ಆ ಛಾವಣಿಗೆ ತಾಗಬಾರದು.

ಬೆಳಿಗ್ಗೆ ಎದ್ದ ತಕ್ಷಣ ನೋಡಬೇಡಿ. ನಿದ್ದೆಯ ದನಿ ತಗ್ಗಾಗಿಯೇ ಇರುತ್ತದೆ, ಲೆಕ್ಕ ತಪ್ಪುತ್ತದೆ.

ಈಗ ಕರೋಕೆ ಯಂತ್ರದಲ್ಲಿ ಶ್ರುತಿ ಏರಿಳಿಸುವ ಕೀ ಗುಂಡಿ. ಅದರಲ್ಲಿ ಒಂದು ಅಂಕಿ ಅಂದರೆ ಹಾರ್ಮೋನಿಯಂನಲ್ಲಿ ಒಂದು ಮನೆ. ಕಪ್ಪು, ಬಿಳಿ ಎರಡನ್ನೂ ಎಣಿಸಬೇಕು. ಹಾಡಿನ ಸ ಬಿಳಿ 1ರಲ್ಲಿದ್ದು, ಕೀ ಮೈನಸ್ ಎರಡು ಮಾಡಿದರೆ ಸ ಕೆಳಗಿನ ಕಾಳಿ 5ಕ್ಕೆ ಇಳಿಯುತ್ತದೆ. ಇಷ್ಟೇ. ಜಪಾನಿನಲ್ಲಿ ಡ್ಯಾಮ್, ಜಾಯ್‌ಸೌಂಡ್ ಅಂತ ಎರಡು ದೊಡ್ಡ ಯಂತ್ರಗಳು. ಎರಡರಲ್ಲೂ ಈ ಗುಂಡಿ ಕೈಗೆಟಕುವ ಹಾಗೆ ಇರುತ್ತದೆ. ಪಕ್ಕದಲ್ಲೇ ಮೂಲ ಶ್ರುತಿಗೆ ಮರಳುವ ಗುಂಡಿಯೂ ಇರುತ್ತದೆ. ಅದರ ಮೇಲೆ ಕಣ್ಣು ಹಾಕಬೇಡಿ. ನಮ್ಮಲ್ಲಿ ಫೋನಿನಲ್ಲಿ ಹಾಡಿನ ಶ್ರುತಿ ಏರಿಳಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ನಾಲ್ಕು ಮನೆಗಿಂತ ಜಾಸ್ತಿ ಇಳಿಸಬೇಕಾಗಿ ಬಂದರೆ ಆ ಹಾಡೇ ನಿಮ್ಮದಲ್ಲ ಅಂದುಕೊಳ್ಳಿ. ವಾದ್ಯಗಳು ಕೆಸರಲ್ಲಿ ಕಾಲಿಟ್ಟ ಹಾಗೆ ಕೇಳಿಸುತ್ತವೆ.

ಹಮಾಮತ್ಸು ಅಜ್ಜಿ ತಮ್ಮ ಪರ್ಸ್‌ನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದರು. ಹಾಡಿನ ಹೆಸರು, ಪಕ್ಕದಲ್ಲಿ ಮೈನಸ್ ಎರಡು, ಮೈನಸ್ ಮೂರು. ಕನ್ನಡಕದ ನಂಬರ್ ಬರೆದಿಟ್ಟ ಹಾಗೆ.

ಸಬಿಯನ್ನು ಮೊದಲು ಹಾಡಿ

ನಮ್ಮ ಹಾಡಿನಲ್ಲಿ ಪಲ್ಲವಿ ಮೊದಲು ಬರುತ್ತದೆ. ಮನೆಯ ಯಜಮಾನಿ ಬಾಗಿಲಲ್ಲೇ ಸಿಗುತ್ತಾಳೆ. ಜಪಾನಿನ ಎಷ್ಟೋ ಹಾಡುಗಳಲ್ಲಿ ಹಾಗಲ್ಲ. ಮೊದಲು 'ಎ ಮೆರೊ', ತಗ್ಗಿನ ಭಾಗ. ಆಮೇಲೆ 'ಬಿ ಮೆರೊ', ಮೆಟ್ಟಿಲು ಹತ್ತುವ ಭಾಗ. ಕೊನೆಗೆ 'ಸಬಿ'. ಹಾಡಿನ ಜೀವ ಅಲ್ಲಿ. ಎತ್ತರವೂ ಸಾಮಾನ್ಯವಾಗಿ ಅಲ್ಲೇ. ನಾನು ದೀಪಾವಳಿಯಲ್ಲಿ ಮೋಸ ಹೋದದ್ದು ಇದಕ್ಕೇ. ಎ ಮೆರೊ ಕೇಳಿ ಹಾಡು ಆರಿಸಿದ್ದೆ.

ಆದ್ದರಿಂದ ಹೊಸ ಹಾಡು ಸಿಕ್ಕಾಗ ಸೀದಾ ಸಬಿಗೆ ಹೋಗಿ. ನಿಂತುಕೊಂಡು ಮೂರು ಸಲ ಬೆನ್ನುಬೆನ್ನಿಗೆ ಹಾಡಿ. ಮೊದಲ ಸಲ ಎಲ್ಲರಿಗೂ ಬರುತ್ತದೆ. ಮೂರನೇ ಸಲಕ್ಕೆ ಗಂಟಲು ಕೆರೆದರೆ ಎರಡು ಮನೆ ಇಳಿಸಿ. ಇಳಿಸಿದ ಮೇಲೆ ಎ ಮೆರೊ ಹಾಡಿ ನೋಡಿ. ಅಲ್ಲಿ ಮಾತು ನೆಲಕ್ಕೆ ಬಿದ್ದು ಕೇಳಿಸದಂತಾದರೆ ಹಾಡಿನ ಹರವೇ ದೊಡ್ಡದು ಅಂತ ಅರ್ಥ. ಬಿಟ್ಟುಬಿಡಿ.

ಇನ್ನೊಂದು ಗುಂಡಿ ಇದೆ, ಬೀಳುವಂಥದ್ದು. ಜಪಾನಿ ಹಾಡುಗಳಲ್ಲಿ ಕೊನೆಯ ಸಬಿಯನ್ನು ಇದ್ದಕ್ಕಿದ್ದಂತೆ ಅರ್ಧ ಇಲ್ಲವೇ ಒಂದು ಸ್ವರ ಎತ್ತುವ ಚಟವಿದೆ. ಅದಕ್ಕೆ 'ತೆನ್‌ಚೋ' ಅನ್ನುತ್ತಾರೆ. ನೀವು ಉಸಿರು ಕಳೆದುಕೊಂಡು, ಮುಗಿಯಿತು ಅಂದುಕೊಳ್ಳುವಾಗಲೇ ಬರುತ್ತದೆ. ಹಾಡು ಆರಿಸುವ ಮೊದಲು ಕೊನೆಯ ಒಂದು ನಿಮಿಷ ಕೇಳಲೇಬೇಕು.

ನಮ್ಮ ಗುರುವಾರದ ಹಾಡುಗಳು

ಮೊದಲ ಹಾಡಾಗಿ ನಾನು ಎಲ್ಲರಿಗೂ ಕೊಡುವುದು 'ಫುರುಸಾತೊ'. 1914ರಲ್ಲಿ ಶಾಲಾ ಮಕ್ಕಳಿಗಾಗಿ ಬಂದ ಹಾಡು. ಹೆಚ್ಚುಕಮ್ಮಿ ಒಂದು ಸಪ್ತಕದೊಳಗೇ ಮುಗಿಯುತ್ತದೆ. ಮೂರು ಮಾತ್ರೆಯ ನಡೆ, ತೊಟ್ಟಿಲು ತೂಗಿದ ಹಾಗೆ. ಸಾಲುಗಳು ಗಿಡ್ಡ, ಉಸಿರಿಗೆ ಜಾಗ ಇದೆ. ಫುರುಸಾತೊ ಅಂದರೆ ಹುಟ್ಟಿದೂರು. ಮೊಲದ ಹಿಂದೆ ಓಡಿದ ಗುಡ್ಡ, ಮೀನು ಹಿಡಿದ ಹೊಳೆ ಮೊದಲ ಚರಣದಲ್ಲಿ. ಅಪ್ಪ ಅಮ್ಮ ಹೇಗಿದ್ದಾರೋ ಅನ್ನುವುದು ಎರಡನೆಯದರಲ್ಲಿ. ನಮ್ಮವರಿಗೆ ತವರು ಅಂದರೆ ಸಾಕು, ಬೇರೆ ಅರ್ಥ ಹೇಳುವ ಕೆಲಸವೇ ಇಲ್ಲ.

'ಅಕಾ ತೊಂಬೊ', ಕೆಂಪು ಏರೋಪ್ಲೇನ್ ಚಿಟ್ಟೆಯ ಹಾಡು, ಅದೂ ಮಕ್ಕಳ ಹಾಡೇ. ರಾಗ ಕೂರಿಸಿದ್ದು ಯಮಾದಾ ಕೋಸಾಕು, 1927ರಲ್ಲಿ. ಸ ರಿ ಗ ಪ ಧ, ಐದೇ ಸ್ವರ. ಅದನ್ನು ಕೇಳಿದ ಕೂಡಲೇ ನಮ್ಮ ವೈನಿ, ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಹಿಂದುಸ್ತಾನಿ ಕಲಿತವರು, "ಭೂಪ ಅದ ಅಲಾ ಇದು!" ಅಂದರು. ಸ್ವರಗಳು ಭೂಪ ರಾಗದವೇ, ನಡೆ ಬೇರೆ. ಆದರೆ ಚಿಕ್ಕ ಹಾಡು ಅಂತ ನಂಬಿ ಮೋಸ ಹೋಗಬೇಡಿ. ಮಂದ್ರ ಪಂಚಮದಿಂದ (ಕೆಳಗಿನ ಪ) ಶುರುವಾಗಿ ಮೊದಲ ಸಾಲಿನಲ್ಲೇ ತಾರ ಷಡ್ಜ (ಮೇಲಿನ ಸ) ಮುಟ್ಟುತ್ತದೆ. ಸ ಎಲ್ಲಿಡಬೇಕು ಅಂತ ಹಾರ್ಮೋನಿಯಂನಲ್ಲಿ ನೋಡಿಕೊಳ್ಳದೆ ಬಾಯಿ ತೆರೆಯಬೇಡಿ.

ನಮ್ಮ ವಯಸ್ಸಿಗೆ ಹೇಳಿ ಮಾಡಿಸಿದ ಗಾಯಕಿಯರು ಮೂವರು. ನಕಾಜಿಮಾ ಮಿಯುಕಿ, ತಕೆಉಚಿ ಮರಿಯಾ, ತೆರೆಸಾ ತೆಂಗ್. ಮೂವರದೂ ಚೀರದ ದನಿ, ತಗ್ಗಿನಲ್ಲಿ ಆರಾಮಾಗಿ ಕೂರುವ ಹಾಡುಗಳು.

ನಕಾಜಿಮಾ ಮಿಯುಕಿಯ 'ಇತೊ' 1992ರದು. ಇತೊ ಅಂದರೆ ನೂಲು. ಉದ್ದದ ನೂಲು ಒಬ್ಬರು, ಅಡ್ಡದ ನೂಲು ಇನ್ನೊಬ್ಬರು ಅನ್ನುವ ಹೋಲಿಕೆಯ ಮೇಲೆ ಇಡೀ ಹಾಡು ನಿಂತಿದೆ. ಜಪಾನಿನ ಮದುವೆಗಳಲ್ಲಿ ತುಂಬಾ ಹಾಡುತ್ತಾರೆ. ನಮ್ಮ ಗುಂಪಿನಲ್ಲಿ ಗದಗ-ಬೆಟಗೇರಿಯ ಒಬ್ಬ ಅಕ್ಕ ಇದ್ದಾರೆ. ಮಗ್ಗದ ಮನೆಯಲ್ಲಿ ಬೆಳೆದವರು. ನಾನು ಬಹಳ ಗಂಭೀರವಾಗಿ ಅರ್ಥ ವಿವರಿಸಿದೆ. ಅವರು ಚುರುಮುರಿ ತಿನ್ನುತ್ತಾ ಅಂದರು: "ಇದರಾಗ ಹೊಸಾದೇನೈತಿ? ಹಾಸು ಹೊಕ್ಕು ಕೂಡಿದ್ರನ ಬಟ್ಟಿ." ಆಮೇಲೆ ಅವರೇ ಹಾಡಿದರು. ಅಂಥ 'ಇತೊ' ನಾನು ಜಪಾನಿನಲ್ಲೂ ಕೇಳಿಲ್ಲ. ಲಾಳಿ ಆಡಿದ ಹಾಗೆ, ಅವಸರವಿಲ್ಲದೆ, ಒಂದೇ ಅಳತೆಯಲ್ಲಿ. ಈ ಹಾಡಿಗೆ ಬೇಕಾದದ್ದು ಅಷ್ಟೇ. ಎಳೆದಾಡಿದರೆ ಕೆಡುತ್ತದೆ.

ತಕೆಉಚಿ ಮರಿಯಾಳ 'ಎಕಿ' ಅಂದರೆ ಸ್ಟೇಷನ್. ಹಳೆಯ ಪ್ರೇಮಿಯನ್ನು ರೈಲು ಸ್ಟೇಷನ್ನಿನಲ್ಲಿ ಕಂಡ ಹೆಂಗಸಿನ ಕಥೆ. ಶುರುವಿನ ಭಾಗವೆಲ್ಲ ಮಾತಾಡಿದ ಹಾಗೆ. ಇಪ್ಪತ್ತರ ಹುಡುಗಿಯರಿಗಿಂತ ನಮ್ಮ ಬಾಯಲ್ಲಿ ಚೆನ್ನಾಗಿರುತ್ತದೆ ಅಂತ ನನ್ನ ನಂಬಿಕೆ.

ತೆರೆಸಾ ತೆಂಗ್ ತೈವಾನಿನವರು. 'ತೊಕಿ ನೊ ನಗರೆ ನಿ ಮಿ ಒ ಮಕಸೆ' 1986ರದು. ಕಾಲದ ಹರಿವಿಗೆ ನನ್ನನ್ನು ಒಪ್ಪಿಸಿ ಅಂತ ಅರ್ಥ. ನಿಧಾನ, ಮೆತ್ತಗೆ, ತಗ್ಗು. ಆದರೆ ಅವರದೇ 1985ರ ಹಾಡು 'ಆಯ್‌ಜಿನ್' ಬಗ್ಗೆ ಹುಷಾರು. ವೈನಿಗೆ ರಾಗ ಹಿಡಿಸಿಬಿಟ್ಟಿತ್ತು. ತಮ್ಮ ಮದುವೆಯ ಮೂವತ್ತನೇ ವರ್ಷದ ಊಟಕ್ಕೆ ಅದನ್ನೇ ಹಾಡುತ್ತೇನೆ ಅಂತ ಕಂಠಪಾಠ ಮಾಡಿದ್ದರು. ಹಿಂದಿನ ದಿನ ಕೇಳಿದರು, "ಅರ್ಥ ಏನಽ?" ಜಪಾನಿಯಲ್ಲಿ ಆ ಪದಕ್ಕೆ ಅರ್ಥ, ಇಟ್ಟುಕೊಂಡವಳು. ವೈನಿ ಒಂದು ನಿಮಿಷ ಸುಮ್ಮನಿದ್ದು, "ನಿಮ್ಮಣ್ಣಗೇನ್ ಜಪಾನಿ ಬರ್ತದೇನು?" ಅಂದರು. ಹಾಡಿಯೂ ಬಿಟ್ಟರು. ನೀವು ಮಾತ್ರ ಅರ್ಥ ನೋಡಿಕೊಂಡು ಹಾಡಿ. ಜಪಾನಿನವರೂ ಮದುವೆ ಮನೆಯಲ್ಲಿ ಕಡಿಯುವುದು, ಅಗಲುವುದು ಅನ್ನುವ ಮಾತುಗಳನ್ನು ದೂರ ಇಡುತ್ತಾರೆ.

ಮಿಸೋರಾ ಹಿಬಾರಿ 1989ರ ಜನವರಿಯಲ್ಲಿ ತಂದ ಹಾಡು ನದಿ ಹರಿದ ಹಾಗೆ ಬದುಕು ಅನ್ನುವಂಥದ್ದು. ಜಪಾನಿ ಹೆಸರು 'ಕವಾ ನೊ ನಗರೆ ನೊ ಯೋಉ ನಿ'. ಅದೇ ಜೂನ್‌ನಲ್ಲಿ ತೀರಿಕೊಂಡರು, ಐವತ್ತೆರಡನೇ ವಯಸ್ಸಿಗೆ. ಅವರ ವಯಸ್ಸಿನವಳಾಗಿ ಹಾಡುವಾಗ ನನಗೆ ಸ್ವಲ್ಪ ಕೈ ನಡುಗುತ್ತದೆ. ಹಾಡು ಎದೆಯ ದನಿಯಲ್ಲಿ ಶುರುವಾಗಿ ಸಬಿಯಲ್ಲಿ ಏರುತ್ತದೆ. ಎದೆಯ ದನಿಗೆ ಅಲ್ಲಿ 'ಜಿಗೋಎ', ನೆಲದ ದನಿ. ತೆಳು ದನಿಗೆ 'ಉರಾಗೋಎ', ಹಿಂಬದಿಯ ದನಿ. ಸಬಿಯನ್ನು ಕೂಗಿ ಮುಟ್ಟಲು ಹೋಗಬೇಡಿ. ಹಿಂಬದಿಯ ದನಿಗೆ ಜಾರಿಕೊಳ್ಳಿ. ಆ ಜಾರುವಿಕೆಯೇ ಹಾಡಿನ ಚೆಂದ.

ಎಂಕಾ, ಅಂದರೆ ಹಳೇ ಶೈಲಿಯ ವಿರಹದ ಜಪಾನಿ ಹಾಡುಗಳನ್ನು ಸ್ವಲ್ಪ ದಿನ ಮುಂದೂಡಿ. ಇಶಿಕಾವಾ ಸಯೂರಿಯ 'ತ್ಸುಗಾರು ಕಾಯ್ಕ್ಯೋ ಫುಯುಗೆಶಿಕಿ' (1977) ಕೇಳಿದರೆ ಯಾರಿಗೂ ಆಸೆ ಆಗುತ್ತದೆ. ಆದರೆ ಅದರಲ್ಲಿ 'ಕೊಬುಶಿ' ಅಂತ ಸ್ವರವನ್ನು ಕೊಂಕಿಸುವ ಕೆಲಸವಿದೆ, ನಮ್ಮ ಹಿಂದುಸ್ತಾನಿಯ ಮುರ್ಕಿ ಖಟ್ಕಾಗಳ ದಾಯಾದಿ. ಠುಮ್ರಿ ಹಾಡಿದ ಗಂಟಲಿಗೆ ಬೇಗ ಬರುತ್ತದೆ. ಉಳಿದವರಿಗೆ ಗಂಟಲು ಬಿಗಿಯುತ್ತದೆ.

ಗಂಡಸರ ಹಾಡನ್ನೂ ಬಿಡಬೇಡಿ. ಸಕಾಮೊತೊ ಕ್ಯೂ ಅವರ 1961ರ 'ಉಎ ಒ ಮುಇತೆ ಅರುಕೋ', ಕಣ್ಣೀರು ಬೀಳದಿರಲಿ ಅಂತ ತಲೆ ಎತ್ತಿ ನಡೆಯುವವನ ಹಾಡು, 1963ರಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತ್ತು. ಗಂಡಸರ ಹಾಡು ನಮಗೆ ತೀರಾ ತಗ್ಗಾದರೆ ಮೂರು ನಾಲ್ಕು ಮನೆ ಏರಿಸಿ. ನಡುವೆ ಶಿಳ್ಳೆ ಬರುತ್ತದೆ. ನಮ್ಮ ಹಾವೇರಿ ಕಾಕು, ಅರವತ್ತೆಂಟು ವರ್ಷ, ಶಿಳ್ಳೆ ಹೊಡೆಯುವುದನ್ನು ನಾವು ಮೊದಲು ಕಂಡದ್ದು ಆ ಗುರುವಾರ.

ಕನ್ನಡದಲ್ಲೇ ಬರೆದುಕೊಳ್ಳಿ

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸಾಹಿತ್ಯ ನೋಡಿ ಹಾಡಬೇಡಿ. ಕನ್ನಡ ಲಿಪಿ ಜಪಾನಿಗೆ ಚೆನ್ನಾಗಿ ಒಗ್ಗುತ್ತದೆ. ಅವರ ಸ್ವರಗಳು ಅ, ಇ, ಉ, ಎ, ಒ. ಹ್ರಸ್ವ ದೀರ್ಘದ ಲೆಕ್ಕ ನಮ್ಮ ಹಾಗೇ ಕಟ್ಟುನಿಟ್ಟು. 'ಒಬಸಾನ್' ಅಂದರೆ ಅತ್ತೆ, ಕಾಕು. 'ಒಬಾಸಾನ್' ಅಂದರೆ ಅಜ್ಜಿ. ನಲವತ್ತೆಂಟರ ಹೆಂಗಸಿನ ಎದುರು ಈ ದೀರ್ಘ ತಪ್ಪಬೇಡಿ. ಒತ್ತಕ್ಷರವೂ ಹಾಗೇ: 'ಕಿತೆ' ಅಂದರೆ ಬಾ, 'ಕಿತ್ತೆ' ಅಂದರೆ ಅಂಚೆ ಚೀಟಿ. ಪದದ ಕೊನೆಯ 'ನ್' ಅವರಿಗೆ ಪೂರ್ತಿ ಒಂದು ಮಾತ್ರೆ. ಹಾಡಿನಲ್ಲಿ ಅದಕ್ಕೇ ಬೇರೆ ಸ್ವರ ಸಿಗುವುದೂ ಉಂಟು. ನುಂಗಬೇಡಿ.

ಎಡಪುಟದಲ್ಲಿ ಸಾಹಿತ್ಯ, ಬಲಪುಟದಲ್ಲಿ ಅರ್ಥ, ಉಸಿರು ತೆಗೆಯುವ ಕಡೆ ಕೆಂಪು ಗೆರೆ. ದಪ್ಪ ಅಕ್ಷರ ಬರೆಯಿರಿ, ಚಾಳೀಸು ಹುಡುಕುವುದರಲ್ಲೇ ಒಂದು ಚರಣ ಹೋಗಿಬಿಡುತ್ತದೆ.

ಮೈಕ್ ಬಗ್ಗೆ ಎರಡೇ ಮಾತು. ಎಕೊ ಕಮ್ಮಿ ಇಡಿ, ಜಾಸ್ತಿ ಇಟ್ಟರೆ ನಿಮ್ಮ ತಪ್ಪು ನಿಮಗೇ ಕೇಳಿಸುವುದಿಲ್ಲ. ಯಂತ್ರ ಅಂಕ ಕೊಡುವ ಹಾಗಿದ್ದರೆ ಆಫ್ ಮಾಡಿ.

ತಿನ್ನುವುದು ಹಾಡಿದ ಮೇಲೆ. ಮಿರ್ಚಿ ಭಜಿ ತಿಂದು ಹಾಡಲು ಹೋದರೆ ಭಜಿಯೇ ಮೇಲೆ ಬಂದು ಹಾಡುತ್ತದೆ. ನಡುನಡುವೆ ಬೆಚ್ಚಗಿನ ನೀರು ಗುಟುಕರಿಸಿ. ಒಬ್ಬರು ಒಂದರ ಹಿಂದೊಂದು ಎರಡು ಹಾಡಿನ ಮೇಲೆ ಹಾಡಬಾರದು ಅಂತ ನಮ್ಮಲ್ಲಿ ಕಟ್ಟಳೆ ಇದೆ. ಗಂಟಲಿಗೂ ಒಳ್ಳೆಯದು, ಸ್ನೇಹಕ್ಕೂ.

ಜಪಾನಿನಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಅನ್ನುವ ಒಂದು ಹಾಡು ಇರುತ್ತದೆ. ಅದಕ್ಕೆ 'ಜೂಹಾಚಿಬಾನ್' ಅನ್ನುತ್ತಾರೆ, ಹದಿನೆಂಟನೇ ನಂಬರ್. ಕಬುಕಿ ನಾಟಕದ ಮನೆತನವೊಂದರ ಹದಿನೆಂಟು ನಾಟಕಗಳಿಂದ ಬಂದ ಮಾತು. ನಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಐದು ಜನರ ಹದಿನೆಂಟನೇ ನಂಬರ್ ಬರೆದಿಟ್ಟಿದ್ದೇವೆ. ವೈನಿಯದು ಯಾವುದು ಅಂತ ಹೇಳಬೇಕಿಲ್ಲ. ಬೆಟಗೇರಿ ಅಕ್ಕ, 'ಇತೊ', ಮೂಲ ಶ್ರುತಿ. ನನ್ನದು 'ಎಕಿ', ಮೈನಸ್ ಒಂದು. ಹಾವೇರಿ ಕಾಕುದು 'ಫುರುಸಾತೊ', ಮೈನಸ್ ಮೂರು. ಅದರ ಮುಂದೆ ಪೆನ್ಸಿಲ್‌ನಲ್ಲಿ ಹೀಗಿದೆ: ಎರಡನೇ ಚರಣ ಯಾರಾದರೂ ಜೊತೆಗೆ ಹಾಡಬೇಕು, ಅಪ್ಪ ಅಮ್ಮನ ಸಾಲಿಗೆ ನಿಲ್ಲುತ್ತಾರೆ.